ಹೂ ಮುಡಿಸಲು ಕೂದಲು ಬೇಕಂತೆ

ಸೊಸೆಯ ಎದೆಯಲ್ಲಿ ಗಂಟು ಸಿಕ್ಕಿದ ದಿನ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆವು.

ಶೈಲಜಾಳಿಗೆ ಆಗ ನಾಲ್ಕು ತಿಂಗಳು. ಹಾಲು ಕೂಡುವ ಲಕ್ಷಣ ಎಂದರು ಗಲ್ಫಿನ ಸತ್ವಾ ಬಡಾವಣೆಯ ನಮ್ಮ ಬಿಲ್ಡಿಂಗಿನ ಹೆಂಗಸರು. ಅಬುಧಾಬಿಯಿಂದ ನನ್ನ ನಾದಿನಿ ವಾರಿಜ ಫೋನ್ ಮಾಡಿ, “ಒಳ್ಳೆದಾಯ್ತು ಅತ್ತಿಗೆ, ಸಿಹಿ ಮಾಡಿ” ಎಂದಳು. ಮಾಡಿದೆ, ತಿಂದೆವು.

ತಿಂಗಳ ಚೆಕಪ್ಪಿಗೆ ಹೋದಾಗ ಡಾಕ್ಟರಮ್ಮ ಮುಟ್ಟಿ ನೋಡಿದರು. ಅವರಿಗೆ ಸಂತೋಷವಾದಂತೆ ಕಾಣಲಿಲ್ಲ. ಸ್ಕ್ಯಾನ್ ಮಾಡಿಸಿದರು. ಸೂಜಿ ಹಾಕಿ ಚೂರು ತೆಗೆದರು. ಕ್ಯಾನ್ಸರ್.

(ನಮ್ಮವರು ‘ಆ ಕಾಯಿಲೆ’ ಎನ್ನುತ್ತಾರೆ. ಹೆಸರು ಹಿಡಿದು ಕರೆದರೆ ವೀಸಾ ಇಲ್ಲದೆಯೇ ಬಂದು ಕೂರುತ್ತದೆಯೋ ಏನೋ.)

ಬಸುರಿಗೆ ಅಂಥ ಮದ್ದು ಕೊಡಬಹುದೇ? ಮಗ ಗಣೇಶ ಕೇಳಿದ. ಮೊದಲ ಮೂರು ತಿಂಗಳಾಗಿದ್ದರೆ ಕೊಡುತ್ತಿರಲಿಲ್ಲ, ಈಗ ಕೊಡಬಹುದು, ಹೆರಿಗೆ ಹತ್ತಿರವಾದಾಗ ನಿಲ್ಲಿಸುತ್ತೇವೆ, ಕರೆಂಟ್, ಅಂದರೆ ರೇಡಿಯೇಶನ್, ಕೊಡುವುದೇನಿದ್ದರೂ ಹೆರಿಗೆಯ ನಂತರ ಎಂದರು ಡಾಕ್ಟರಮ್ಮ. ಮೊದಲು ಆಪರೇಶನ್ ಆಯಿತು. ಮಗು ಒಳಗೆ ಕ್ಷೇಮವಾಗಿತ್ತು. ಇನ್ನು ಕೀಮೋ, ಕೂದಲು ಉದುರುತ್ತದೆ, ತಡ ಮಾಡಬೇಡಿ ಎಂದರು.

ಕೂದಲು ಎಂದದ್ದೇ ತಪ್ಪಾಯಿತು.

ಶುಕ್ರವಾರ ರಜೆಯಲ್ಲವೇ, ವಾರಿಜ ಬಂದಳು. ಏಳನೆಯ ತಿಂಗಳಿಗೆ ಸೀಮಂತ. ಬಸುರಿಯ ಜಡೆಗೆ ಮಲ್ಲಿಗೆ ಮುಡಿಸದ ಸೀಮಂತವನ್ನು ನಮ್ಮ ಕಡೆ ಯಾರೂ ಕಂಡಿಲ್ಲ.

“ಎರಡು ತಿಂಗಳು ತಡೀಲಿ ಅತ್ತಿಗೆ. ಹೂ ಮುಡಿಸಿ ಆಗಲಿ, ಮತ್ತೆ ಮದ್ದು ಶುರು ಮಾಡುವ. ಈಗ್ಲೇ ಕೂದಲು ಹೋದ್ರೆ ಖಲಾಸ್. ಬೋಳು ತಲೆಗೆ ಹೂ ಇಡ್ಲಿಕ್ಕೆ ಉಂಟಾ? ಅಪಶಕುನ ಅಲ್ವಾ?”

ಗಣೇಶ ಎ.ಸಿ. ಕಡೆ ನೋಡಿದ. ಇಂಥ ಹೊತ್ತಿನಲ್ಲೇ ನಮ್ಮ ಗಂಡಸರಿಗೆ ಎ.ಸಿ. ಸರಿಯಿಲ್ಲ ಅನಿಸುವುದು. “ಎರಡೇ ತಿಂಗಳಲ್ವಾ ಅಮ್ಮ...” ಎಂದ.

“ಆ ಎರಡು ತಿಂಗಳು ಕಾಯಿಲೆ ಊರಿಗೆ ವೆಕೇಶನ್ ಹೋಗ್ತದಾ?” ಎಂದಳು ಶೈಲಜಾ.

“ಹಟ ಜಾಸ್ತಿ ಮಾರಾಯ್ತಿ ನಿಂಗೆ. ಅತ್ತಿಗೆ, ನೀವಾದ್ರೂ ಬುದ್ಧಿ ಹೇಳಿ.”

ಹೇಳಿದೆ, ಮಗನಿಗೆ. “ನಾಳೆ ಆಫೀಸಿಗೆ ರಜೆ ಹಾಕು, ಇವಳನ್ನು ಆಸ್ಪತ್ರೆಗೆ ಕರ್ಕೊಂಡು ಹೋಗು. ಇವಳು ಉಳಿದ್ರೆ ಹೂ ಎಲ್ಲಿ ಬೇಕಾದ್ರೂ ಇಡ್ಬಹುದು.”

ಹೋದರು. ಮದ್ದು ಒಳಗೆ ಹೋಯಿತು, ಕೂದಲು ಹೊರಗೆ ಬಂತು. ವಾಂತಿ ಬಸುರಿನದೋ ಮದ್ದಿನದೋ ಕೇಳಬೇಡಿ, ಒರೆಸಿದವಳು ನಾನು.

ಸೀಮಂತಕ್ಕೆ ವಾರಿಜ ಕರಾಮಾ ಪೇಟೆಯಿಂದ ವಿಗ್ ತಂದಳು. ಮಂಗಳೂರಿನಿಂದ ವಿಮಾನದಲ್ಲಿ ಬಂದ ಮಲ್ಲಿಗೆ, ತೂಕದ ದಂಡೆ. ಮುಡಿಸಿದ ಕೂಡಲೇ ವಿಗ್ ಹಿಂದಕ್ಕೆ ಜಾರಿತು. ಬಂದವರೆಲ್ಲ ನೆಲದ ಟೈಲ್ಸ್ ನೋಡತೊಡಗಿದರು. ಶೈಲಜಾ ಅದನ್ನು ತೆಗೆದು ವಾರಿಜಳ ಕೈಗಿಟ್ಟಳು.

“ಹೂ ಇದಕ್ಕೆ ಮುಡಿಸಿ. ನಂಗೆ ಊಟ ಬಡಿಸಿ, ಹಸಿವಾಗ್ತದೆ.”

ಬೋಳು ತಲೆಗೆ ಆರತಿ ಎತ್ತಲು ಯಾವ ಮುತ್ತೈದೆಯೂ ಏಳಲಿಲ್ಲ. ನಾನೇ ಎತ್ತಿದೆ. (ಗಂಡ ಸತ್ತವಳು ಎತ್ತಬಾರದಂತೆ. ಹಾಗಾದರೆ ನೀವು ಏಳಬೇಕಿತ್ತು.)

ಹೋದ ತಿಂಗಳು ಹೆರಿಗೆಯಾಯಿತು. ಹೆಣ್ಣು ಮಗು, ಗುಂಡುಗುಂಡಗಿದೆ. ಶೈಲಜಾಳಿಗೆ ಮದ್ದು ಇನ್ನೂ ಮುಗಿದಿಲ್ಲ, ಹಾಗಾಗಿ ಎದೆಹಾಲು ಕೊಡುವಂತಿಲ್ಲ. ಬಾಟಲಿ ಕುಡಿಸುವುದೂ ಅವಳೇ, ಕುಡಿಸುತ್ತಾ ಮಗುವನ್ನು ಬೈಯುವುದೂ ಅವಳೇ.

ಮೊನ್ನೆ ಅದೇ ಹೆಂಗಸರು ಮಗು ನೋಡಲು ಬಂದಿದ್ದರು. ಬಾಟಲಿ ಕಂಡು ವಾರಿಜ ಲೊಚಗುಟ್ಟಿದಳು. “ಪಾಪ, ತಾಯಿಹಾಲು ಇಲ್ಲದ ಮಗು.”

ತಾಯಿ ಇರುವ ಮಗು ಎಂದು ಒಬ್ಬಳ ಬಾಯಲ್ಲಾದರೂ ಬರಬಾರದೇ?