ಆ ಕೀಬೋರ್ಡ್ ನುಡಿಸುತ್ತಿದ್ದವಳು ನಾನು

ಸ್ಫೂರ್ತಿ, ಆ ದಿನ ನೀನು ಹೇಳಿದ್ದೇ ನಿಜ. ಸುಳ್ಳು ಹೇಳಿದವಳು ನಾನು.

ನಿನಗೆ ಆಗ ಹತ್ತು ವರ್ಷ. ಊಟಕ್ಕೆ ಕೂತಾಗ ನಿಮ್ಮಪ್ಪ ನನ್ನನ್ನು ಒಂದು ಮಾತು ಕೇಳಿದ, ನಾನು ಎರಡು ಮಾತಿನ ಉತ್ತರ ಕೊಟ್ಟೆ. ಅಂದಿನಿಂದ ಈ ಮನೆಯಲ್ಲಿ ನಿನ್ನ ಮಾತಿಗೆ ಬೆಲೆ ಹೋಯಿತು. ಪ್ರಣವ್, ನೀನೂ ಓದು. ಆಗ ನೀನಿನ್ನೂ ತೊದಲುತ್ತಿದ್ದೆ. ಆದರೂ ನಿನ್ನ ಬಾಯಿಂದಲೂ ಅಕ್ಕನಿಗೆ ನೋವಾಗಿದೆ. ಅದಕ್ಕೂ ಕಾರಣ ನಾನೇ.

ಎಲ್ಲಿಂದ ಹೇಳಲಿ — ಕೀಬೋರ್ಡಿನಿಂದಲೇ ಹೇಳುತ್ತೇನೆ.

ನಿಮ್ಮ ತಾತ ಹೋದ ಮರುವರ್ಷ ನಿಮ್ಮಪ್ಪ ಅದನ್ನು ತಂದ. ಸ್ಫೂರ್ತಿ ಪಿಯಾನೋ ಕಲಿಯಲಿ ಎಂಬುದು ಅವನ ಆಸೆ. ಕಲಿಸಲು ಟ್ಯಾಬಿನಲ್ಲಿ ಒಂದು ಆ್ಯಪ್ ಹಾಕಿಸಿದ, ಜೊತೆಗೊಂದು ದಪ್ಪ ಪುಸ್ತಕ. ಹೊಸ ತಿಪ್ಪಸಂದ್ರದ ಈ ಮನೆಯ ನಡುಕೋಣೆಯಲ್ಲಿ, ಕಿಟಕಿಯ ಪಕ್ಕ, ತಾತ ಪೇಪರ್ ಓದಲು ಕೂರುತ್ತಿದ್ದ ಜಾಗದಲ್ಲಿ ಅದನ್ನು ಇಟ್ಟರು. ಸ್ಫೂರ್ತಿ, ನೀನು ಕೆಲವು ದಿನ ನುಡಿಸಿದೆ. ಆಮೇಲೆ ನಿನ್ನ ಮನಸ್ಸೆಲ್ಲ ಬ್ಯಾಡ್ಮಿಂಟನ್ ಕಡೆ ಹೋಯಿತು. ಕೀಬೋರ್ಡಿನ ಮೇಲೆ ಒಂದು ಟವೆಲ್ ಬಿತ್ತು.

ಎಲ್ಲರೂ ಹೋದ ಮೇಲೆ ಧೂಳು ಒರೆಸುವವಳು ನಾನು. ಹಾಗೆ ಒರೆಸುವಾಗ ಒಂದು ದಿನ ಟ್ಯಾಬಿನ ಪರದೆ ಮುಟ್ಟಿದೆ, ಅದು ಎಚ್ಚರವಾಯಿತು. ಬಣ್ಣದ ಪಟ್ಟಿಗಳು ಮೇಲಿನಿಂದ ಇಳಿದು ಬಂದವು. ಅವು ಕೆಳಗೆ ತಾಗುವ ಹೊತ್ತಿಗೆ ಕೀಬೋರ್ಡಿನ ಸರಿಯಾದ ಬಿಳಿ ಇಲ್ಲವೇ ಕರಿ ಮನೆಯನ್ನು ಒತ್ತಬೇಕು. ಸರಿಯಾದರೆ ಹಸಿರು, ತಪ್ಪಿದರೆ ಕೆಂಪು. ನಾನು ಒಂದನ್ನು ಒತ್ತಿದೆ. ಹಸಿರಾಯಿತು.

ನಮ್ಮೂರ ಶಾಲೆಯಲ್ಲಿ ಒಂದು ಹಾರ್ಮೋನಿಯಂ ಇತ್ತು. ಹುಡುಗಿಯರು ಹಾಡಬೇಕು, ಹುಡುಗರು ಬಾರಿಸಬೇಕು, ಅದು ಅಲ್ಲಿನ ಪದ್ಧತಿ. ಬಿಳಿ ಮನೆ, ಕರಿ ಮನೆ ಎಂದು ಮೇಷ್ಟ್ರು ಹುಡುಗರಿಗೆ ಹೇಳಿಕೊಡುವುದನ್ನು ನಾವು ಗೋಡೆಗೆ ಒರಗಿ ನೋಡುತ್ತಿದ್ದೆವು. ಮುಟ್ಟಬೇಕು ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳುವ ಅಭ್ಯಾಸವೇ ನನಗೆ ಇರಲಿಲ್ಲ — ಈ ಮನೆಗೆ ಬಂದ ಮೇಲೂ.

ಅದಕ್ಕೇ ಕೀಬೋರ್ಡನ್ನೂ ಕೇಳದೆ ಮುಟ್ಟಿದೆ. ಕದ್ದು ಮುಟ್ಟಿದೆ.

ಆ್ಯಪಿಗೆ ನಾನು ಯಾರೆಂದು ಗೊತ್ತಿಲ್ಲ. ಪಾಠ ಮುಗಿದಾಗಲೆಲ್ಲ ಅದು ಸ್ಫೂರ್ತಿಯ ಹೆಸರು ಹಾಕಿ, ಭೇಷ್ ಎಂದು ಇಂಗ್ಲಿಷಿನಲ್ಲಿ ತೋರಿಸುತ್ತಿತ್ತು. ಅಷ್ಟು ಇಂಗ್ಲಿಷ್ ನನಗೆ ಓದಲು ಬರುತ್ತಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಹೊಗಳಿಕೆ ನನಗೆ ಹಿತವಾಗುತ್ತಿತ್ತು. ಪುಸ್ತಕದಲ್ಲಿ ಕೈಯ ಚಿತ್ರವಿತ್ತು. ಹೆಬ್ಬೆರಳು ಒಂದು, ಕಿರುಬೆರಳು ಐದು. ಅಂಕಿಗೆ ಯಾವ ಭಾಷೆ ಬೇಕು? ಬಲಗೈ ಬೇಗ ಮಾತು ಕೇಳಿತು. ಎಡಗೈ ಬಲಗೈಯ ಹಿಂದೆಯೇ ಓಡುತ್ತಿತ್ತು, ಎಷ್ಟು ಗದರಿದರೂ. ಎರಡೂ ಬೇರೆ ಬೇರೆ ದಾರಿ ಹಿಡಿದು ಒಂದೇ ಕಡೆ ಬಂದು ಸೇರಿದ ದಿನ ನಾನು ಒಲೆಯ ಮೇಲಿಟ್ಟ ಹಾಲನ್ನು ಮರೆತೆ. ಪಾತ್ರೆ ಸೀದುಹೋಯಿತು. ಕಣ್ಣು ಹತ್ತಿತ್ತು ಎಂದು ನಿಮ್ಮಮ್ಮನಿಗೆ ಹೇಳಿದೆ. ಸಣ್ಣ ಸುಳ್ಳು. ಅದು ಎಷ್ಟು ಸುಲಭವಾಗಿ ಬಂತೆಂದರೆ —

ಇರಲಿ.

ಯಾವ ಮನೆ ಯಾವುದೆಂದು ನೆನಪಿರಲು ನಾನೊಂದು ಉಪಾಯ ಮಾಡಿದ್ದೆ. ಪೆಟ್ಟಿಗೆಯಲ್ಲಿ ನನ್ನ ಹಳೆಯ ಬಿಂದಿಯ ಹಾಳೆಗಳಿದ್ದವು, ಅಂಟಿಸಿಕೊಳ್ಳುವ ಸಣ್ಣ ಕೆಂಪು ಬಿಂದಿ. ತಾತ ಹೋದ ಮೇಲೆ ನಾನು ಹಣೆಗೆ ಇಟ್ಟಿರಲಿಲ್ಲ. ಎಸೆಯಲೂ ಆಗಿರಲಿಲ್ಲ. ಅವನ್ನು ಕೀಬೋರ್ಡಿನ ಮನೆಗಳಿಗೆ ಅಂಟಿಸಿ, ಸ್ಕೂಲ್ ವ್ಯಾನ್ ಬರುವ ಮುಂಚೆ ಕಿತ್ತು ಹಾಳೆಗೆ ಹಚ್ಚಿಬಿಡುತ್ತಿದ್ದೆ. ಒಮ್ಮೆ ಒಂದು ಉಳಿದುಬಿಟ್ಟಿತು.

ನಿಮ್ಮಪ್ಪ ಕಂಡುಹಿಡಿದ. "ಏನೇ ಇದು? ಆಟದ ಸಾಮಾನು ಅಂದ್ಕೊಂಡಿದೀಯಾ?"

"ನಂದಲ್ಲಪ್ಪ," ಎಂದೆ ನೀನು, ಸ್ಫೂರ್ತಿ.

"ನಿಂದಲ್ದೆ ಇನ್ಯಾರದು? ನಿಮ್ಮಮ್ಮ ಇಡೋದು ಕರೀದು. ನಂದಾ? ನಾನಿಟ್ಕೊಳ್ತೀನಾ?"

ನಿಮ್ಮಮ್ಮ ನಕ್ಕಳು. ನೀನೂ ಅರೆಬರೆ ನಕ್ಕೆ. ಮನೆಯಲ್ಲಿ ಇನ್ನೊಬ್ಬಳು ಹೆಂಗಸು ಇದ್ದಳು, ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಅವಳ ಬಳಿ ಬಿಂದಿ ಇರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಗಂಡ ಸತ್ತವಳ ಬಳಿ ಬಿಂದಿ ಹುಡುಕುವವರು ಯಾರು? ನನ್ನ ಬೋಳು ಹಣೆಯ ಹಿಂದೆ ನಾನು ಬಚ್ಚಿಟ್ಟುಕೊಂಡೆ. ಅದು ಮೊದಲನೆಯ ಸಲ. ಆಗ ನಾನು ಸುಮ್ಮನಿದ್ದೆ, ಅಷ್ಟೇ. ಎರಡನೆಯ ಸಲ ಸುಮ್ಮನಿರಲಿಲ್ಲ.

ಎರಡನೆಯ ಸಲ ಹೀಗಾಯಿತು. ಊಟಕ್ಕೆ ಕೂತಿದ್ದೆವು. ನೀನು ತಟ್ಟೆಯಲ್ಲೇ ಬೆರಳಾಡಿಸುತ್ತ ಹೇಳಿದೆ: "ಅಪ್ಪ, ಕೀಬೋರ್ಡ್ ಯಾರಿಗಾದ್ರೂ ಕೊಟ್ಬಿಡಿ. ನಾನು ಮುಟ್ಟೇ ಇಲ್ಲ ಎಷ್ಟೋ ದಿನದಿಂದ. ನನ್ನನ್ನ ಬ್ಯಾಡ್ಮಿಂಟನ್‌ಗೆ ಸೇರಿಸಿ."

ನಿಮ್ಮಪ್ಪ ಫೋನ್ ತೆಗೆದ. "ಮುಟ್ಟೇ ಇಲ್ವಾ? ಮತ್ತೆ ಇದೇನು? ವಾರ ವಾರ ಬರ್ತಿದೆ ನಂಗೆ. ಸ್ಫೂರ್ತಿ ಈ ಪಾಠ ಮುಗಿಸಿದಳು, ಆ ಪಾಠ ಮುಗಿಸಿದಳು. ಎರಡೂ ಕೈಯಲ್ಲಿ ನುಡಿಸ್ತಿದೀಯ ಅಂತಿದೆ."

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಆ್ಯಪ್ ಅವನಿಗೆ ವರದಿ ಕಳಿಸುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ನಾನಲ್ಲಪ್ಪ ಅದು."

"ಹಂಗಾದ್ರೆ ಟ್ಯಾಬು ತಾನೇ ನುಡಿಸ್ಕೊಳ್ತಾ?"

"ನಂಗೊತ್ತಿಲ್ಲ. ನಾನಂತೂ ಅಲ್ಲ. ಪ್ರಾಮಿಸ್."

ಅವನು ಫೋನ್ ಕೆಳಗಿಟ್ಟ. ಸಿಟ್ಟಿರಲಿಲ್ಲ ಅವನಿಗೆ, ಗೊಂದಲವಿತ್ತು. ಕೆಟ್ಟ ತಂದೆಯಲ್ಲ ಅವನು. ಹೇಳಿದ: "ನೀನು ನಿಜವಾಗ್ಲೂ ನುಡಿಸ್ತಿಲ್ಲ ಅಂದ್ರೆ ಬಿಡು, ನಮ್ಮ ಆಫೀಸಲ್ಲಿ ಒಬ್ಬರು ಮಗನಿಗೆ ಕೇಳ್ತಿದ್ರು, ಭಾನುವಾರ ಕೊಟ್ಬಿಡೋಣ." ಆಮೇಲೆ ನನ್ನ ಕಡೆ ತಿರುಗಿದ. "ಅಮ್ಮ, ಮನೇಲಿರೋಳು ನೀನು. ನೀನೇ ಹೇಳು. ಇವಳು ನುಡಿಸ್ತಾಳೋ ಇಲ್ವೋ?"

ನೀವೆಲ್ಲ ನನ್ನ ಮುಖ ನೋಡಿದಿರಿ.

ನಾನು ಹೇಳಿದೆ: "ನುಡಿಸ್ತಾಳಪ್ಪ. ದಿನಾ ನುಡಿಸ್ತಾಳೆ."

ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ — ಅದು ನಾಚಿಕೆಯಿಂದ ಬಂದ ಮಾತು, ಅರವತ್ತರ ಹತ್ತಿರದ ಹೆಂಗಸು ಮಕ್ಕಳ ಸಾಮಾನು ಕದ್ದು ನುಡಿಸುತ್ತಾಳೆ ಎಂದರೆ ಸೊಸೆ ನಗುತ್ತಾಳೆ, ಮಗ ಬೀದಿಯಲ್ಲೆಲ್ಲ ಹೇಳುತ್ತಾನೆ, ಆ ಭಯ. ನಾಚಿಕೆ ಇತ್ತು, ಇರಲಿಲ್ಲ ಎನ್ನುವುದಿಲ್ಲ. ಆದರೆ ಬಾಯಿ ತೆರೆದ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿದ್ದುದು ಭಾನುವಾರ. ಭಾನುವಾರ ಅದನ್ನು ಹೊತ್ತುಕೊಂಡು ಹೋಗುತ್ತಾರೆ. ಕಿಟಕಿಯ ಪಕ್ಕ ಖಾಲಿಯಾಗುತ್ತದೆ. ನನಗೆ ಅದು ಬೇಕಾಗಿತ್ತು, ಸ್ಫೂರ್ತಿ. ನಿನ್ನ ಮಾತನ್ನು ಕೊಟ್ಟು ನಾನು ಅದನ್ನು ಉಳಿಸಿಕೊಂಡೆ. ಸರಿಯಾದ ಹೆಸರು ನಾಚಿಕೆಯಲ್ಲ. ದುರಾಸೆ.

ನೀನು ಅಳಲಿಲ್ಲ. "ಅಜ್ಜೀ?" ಎಂದೆ, ಅಷ್ಟೇ. ನಾನು ಸಾರು ಬಡಿಸಿದೆ.

ಮುಂದಿನದು ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದು ನನ್ನ ಕಡೆಯದು. ಎರಡು ಕೈಯಲ್ಲಿ ನುಡಿಸುವ ಮಗಳಿಗೆ ಒಳ್ಳೆಯ ಟೀಚರ್ ಬೇಕು ಎಂದು ನಿಮ್ಮಪ್ಪ ಪುಲಿಕೇಶಿನಗರದಲ್ಲಿ ಒಬ್ಬರನ್ನು ಹುಡುಕಿದ. ನನ್ನನ್ನೂ ಕರೆದುಕೊಂಡು ಹೋದ. "ನೀನು ಕೇಳಿದೀಯಲ್ಲ ದಿನಾ, ಬಾ." ಆಟೋದಲ್ಲಿ ನೀನು ನಡುವೆ ಕೂತಿದ್ದೆ. ಹಲಸೂರು ದಾಟುವವರೆಗೂ ನೀನು ಮೊಣಕೈ ನನಗೆ ತಾಗದಂತೆ ಹಿಡಿದುಕೊಂಡಿದ್ದೆ. ಈಗ ಹೇಳು, ಈಗ ಹೇಳು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆಟೋ ನಿಂತಿತು. ನಾನು ಸೆರಗು ಸರಿಮಾಡಿಕೊಂಡು ಇಳಿದೆ.

ಎತ್ತರದ ಮಾಡಿನ ಹಳೆಯ ಮನೆ. ಒಳಗೆ ನಿಜವಾದ ಪಿಯಾನೋ, ಮರದ್ದು. ಅದನ್ನು ನಾನು ನೋಡಿದ್ದು ಅದೇ ಮೊದಲು. ಟೀಚರ್ ವಯಸ್ಸಾದವರು, ಒಳ್ಳೆಯವರು, ತಮಿಳು ಬೆರೆಸಿ ಮಾತಾಡುವವರು. "ವಾಮ್ಮಾ, ಕೂತ್ಕೋ. ನಿಂಗೆ ಏನ್ ಬರುತ್ತೋ ಅದು ನುಡಿಸು. ತಪ್ಪಾದ್ರೆ ಪರವಾಗಿಲ್ಲ."

ನಿಮ್ಮಪ್ಪ ಫೋನ್ ನೋಡಿ ಕೊನೆಯ ಪಾಠದ ಹೆಸರು ಹೇಳಿದ. ನನ್ನ ಪಾಠ. ಆ ವಾರವೆಲ್ಲ ನಾನು ಕಲಿತದ್ದು.

ನೀನು ಬಲಗೈ ಮೇಲೆತ್ತಿದೆ. ಒಂದು ಬೆರಳಿನಿಂದ ಮೊದಲ ಮೂರು ನಾಲ್ಕು ಸ್ವರ ಹುಡುಕಿದೆ. ನಿಂತೆ. ಮತ್ತೆ ಹುಡುಕಿದೆ. ಬೆತ್ತದ ಕುರ್ಚಿಯಲ್ಲಿ ಕೂತ ನನಗೆ ಮುಂದಿನ ಸ್ವರ ಗೊತ್ತಿತ್ತು. ಸೆರಗಿನ ಒಳಗೆ ನನ್ನ ಬೆರಳು ಅದನ್ನು ಒತ್ತುತ್ತಿತ್ತು — ದೇವರಾಣೆ, ತಾನಾಗಿ ಒತ್ತುತ್ತಿತ್ತು. ನೀನು ಕೈಯನ್ನು ಮಡಿಲಿಗೆ ಇಳಿಸಿ, ತಿರುಗಿ ನನ್ನನ್ನೇ ನೋಡಿದೆ. ಅಪ್ಪನನ್ನಲ್ಲ. ನಿನಗೆ ಆಗಲೇ ಗೊತ್ತಾಗಿತ್ತೋ, ಇಲ್ಲ ನಾನು ಸಾಕ್ಷಿ ಎಂದು ನೋಡಿದೆಯೋ — ಇವತ್ತಿಗೂ ನನಗೆ ತಿಳಿಯದು. ಕೇಳುವ ಧೈರ್ಯವಾಗಲಿಲ್ಲ. ನಾನು ಕಣ್ಣು ತಗ್ಗಿಸಿದೆ.

"ಇನ್ನೂ ಚಿಕ್ಕವಳು ಸಾರ್. ಆರು ತಿಂಗಳು ಬಿಟ್ಟು ಕರ್ಕೊಂಡ್ಬನ್ನಿ," ಎಂದರು ಟೀಚರ್.

ಗೇಟಿನ ಹೊರಗೆ ನಿಮ್ಮಪ್ಪ ಮೆಲ್ಲಗೆ ಹೇಳಿದ: "ಬೇಕಂತಲೇ ಮಾಡ್ದೆ ಅಲ್ವಾ? ಬ್ಯಾಡ್ಮಿಂಟನ್‌ಗೋಸ್ಕರ? ಅಜ್ಜಿ ಕಿವೀಲಿ ಕೇಳಿದಾರೆ, ಫೋನಲ್ಲಿ ಬಂದಿದೆ. ನನ್ನ ಮಾನ ಕಳೀಬೇಕು ಅಂತಾನೇ ಹಿಂಗೆ ಕೂತೆ." ನೀನು ಏನು ಹೇಳಿದರೂ ಯಾರು ಕೇಳುತ್ತಿದ್ದರು? ಬ್ಯಾಡ್ಮಿಂಟನ್ ಮಾತು ಅಲ್ಲಿಗೆ ಮುಗಿಯಿತು. ಆ್ಯಪನ್ನೂ ಅವನು ನಿಲ್ಲಿಸಿದ. ಕೀಬೋರ್ಡನ್ನು ಮಾತ್ರ ಕೊಡಲಿಲ್ಲ. "ಅಲ್ಲೇ ಇರ್ಲಿ. ನೋಡಿದಾಗೆಲ್ಲ ಅವಳಿಗೆ ನೆನಪಾಗ್ಲಿ." ಅಂದರೆ, ನಾನು ಬಯಸಿದ್ದು ನನಗೆ ಸಿಕ್ಕಿತು.

ಅಂದಿನಿಂದ ಮನೆಯಲ್ಲಿ ಒಂದು ಮಾತು ಹುಟ್ಟಿತು. ಹೋಂವರ್ಕ್ ಆಯಿತು ಎಂದರೆ, ಹಾಲು ಕುಡಿದೆ ಎಂದರೆ — "ಅಜ್ಜೀನ ಕೇಳ್ಲಾ?" ಅಪ್ಪ ತಮಾಷೆಗೇ ಹೇಳುತ್ತಿದ್ದ. ಅಮ್ಮನೂ ಕಲಿತಳು. ಪ್ರಣವ್, ನೀನು ಸೊಂಟದ ಮೇಲೆ ಕೈಯಿಟ್ಟು, "ಅಜ್ಜೀನ ಕೇಲ್ಲಾ?" ಎಂದರೆ ಎಲ್ಲರೂ ನಗುತ್ತಿದ್ದರು. ನಿನ್ನ ತಪ್ಪಲ್ಲ. ನಾನೂ ನಕ್ಕಿದ್ದೇನೆ.

ನಾನು ನುಡಿಸುವುದನ್ನು ಬಿಟ್ಟೆನೇ? ಇಲ್ಲ. ಅದನ್ನೂ ಹೇಳಿಬಿಡುತ್ತೇನೆ. ಪುಸ್ತಕ ಇಟ್ಟುಕೊಂಡು, ನೀವೆಲ್ಲ ಹೊರಗೆ ಹೋದ ಮೇಲೆ, ದನಿ ತಗ್ಗಿಸಿ ನುಡಿಸುತ್ತಲೇ ಇದ್ದೆ. ಎಲ್ಲರೂ ಮನೆಯಲ್ಲೇ ಕೂತ ಆ ರೋಗದ ಕಾಲದಲ್ಲಿ ಊಟದ ಮೇಜಿನ ಅಂಚಿನಲ್ಲಿ ಬೆರಳಾಡಿಸುತ್ತಿದ್ದೆ. ಪಾಪ ಮಾಡಿ ಸಂಪಾದಿಸಿದ್ದನ್ನು ಅನುಭವಿಸಿದೆ ಕೂಡ.

ಈಗ ಯಾಕೆ ಹೇಳುತ್ತಿದ್ದೇನೆ? ಸ್ಫೂರ್ತಿ, ಹೋದ ಸಲ ನೀನು ಮೈಸೂರಿನ ಹಾಸ್ಟೆಲಿನಿಂದ ಬಂದಾಗ ರೈಲು ತಡವಾಯಿತು. ಯಾಕೆ ತಡ ಎಂದು ಅಮ್ಮ ಸುಮ್ಮನೆ ಕೇಳಿದಳು. ನೀನು ಫೋನ್ ತೆರೆದು ತೋರಿಸಿದೆ. ರೈಲ್ವೆ ಸ್ಟೇಷನ್ನಿನ ಗಡಿಯಾರದ ಫೋಟೋ, ಟಿಕೆಟ್ಟಿನ ಫೋಟೋ, ನಿಂತ ರೈಲಿನ ಫೋಟೋ. ಆಮೇಲೆ ಗಮನಿಸುತ್ತ ಹೋದೆ. ಊಟವಾಯಿತೇ ಎಂದರೆ ತಟ್ಟೆಯ ಫೋಟೋ. ಜ್ವರ ಎಂದರೆ ಥರ್ಮಾಮೀಟರಿನ ಫೋಟೋ. ನೀನು ಯಾವುದನ್ನೂ ಬರೀ ಬಾಯಲ್ಲಿ ಹೇಳುವುದಿಲ್ಲ ಮಗಳೇ. ಸುಮ್ಮನೆ ಹೇಳಿದರೆ ನಂಬುತ್ತಾರೆ ಎಂಬುದು ನಿನ್ನ ಲೆಕ್ಕದಲ್ಲೇ ಇಲ್ಲ.

ಮೊನ್ನೆ ನಿಮ್ಮಪ್ಪ ಅವರೆಕಾಯಿ ಸುಲಿಯಲು ನನ್ನ ಪಕ್ಕ ಕೂತ. ಅವನಿಗೆ ಎಲ್ಲ ಹೇಳಿದೆ. ಆ್ಯಪ್, ಬಿಂದಿ, ನನ್ನ ಮಾತು, ಎಲ್ಲ. ಬೈಯುತ್ತಾನೆ ಎಂದು ಗಟ್ಟಿಯಾಗಿ ಕೂತಿದ್ದೆ. ಅವನು ನಕ್ಕುಬಿಟ್ಟ.

"ನೀನಾ? ಪಿಯಾನೋನಾ? ಅಮ್ಮಾ, ಮೊಮ್ಮಗಳ ಮೇಲೆ ಪ್ರೀತಿ ಇರ್ಲಿ. ಅವಳನ್ನ ಉಳಿಸೋಕೆ ಈಗ್ಲೂ ಕಥೆ ಕಟ್ತೀಯಲ್ಲ."

"ನಿಜ ಕಣೋ ಮಂಜು."

"ನಿಂಗೆ ಟಿವಿ ರಿಮೋಟೇ ಬರಲ್ಲ. ಬಿಡಮ್ಮ, ಯಾವ್ದೋ ಕಾಲದ್ದು. ನಾನು ಮರ್ತೇಬಿಟ್ಟಿದ್ದೆ."

"ದೇವರಾಣೆ, ನಾನೇ."

"ಹೂಂ ಹೂಂ," ಎಂದು ಸಿಪ್ಪೆ ಎತ್ತಿಕೊಂಡು ಎದ್ದುಹೋದ.

ನಿಜ ಎಂದು ಎಷ್ಟು ಸಲ ಹೇಳಿದರೂ ಮಾತಿಗೆ ಬಲವಿರಲಿಲ್ಲ. ನಾನು ಹೇಳುತ್ತಿರುವುದು ಸತ್ಯ, ಎದುರಿನವನು ನನ್ನ ಸ್ವಂತ ಮಗ, ಆದರೂ ಅವನು ನಗುತ್ತಿದ್ದಾನೆ. ನನಗೆ ಇಷ್ಟು ವಯಸ್ಸಾಗಿದೆ, ಆದರೂ ಕೈಕಾಲು ತಣ್ಣಗಾದವು. ನಿನಗೆ ಹತ್ತು ವರ್ಷ ಆಗ. ಎದುರಿಗೆ ಮೂವರು ದೊಡ್ಡವರು —

ಮುಂದೆ ಬರೆಯಲಾಗುತ್ತಿಲ್ಲ. ಮಾಡಬೇಕಾದ್ದನ್ನು ಮಾತ್ರ ಬರೆಯುತ್ತೇನೆ.

ನೀನು ಈ ವಾರ ಬರುತ್ತೀ. ಭಾನುವಾರ ತಿಂಡಿಯಾದ ಮೇಲೆ ನಾಲ್ವರನ್ನೂ ನಡುಕೋಣೆಯಲ್ಲಿ ಕೂರಿಸುತ್ತೇನೆ. ಟವೆಲ್ ತೆಗೆದು, ದನಿ ಪೂರ್ತಿ ಏರಿಸಿ, ಪುಲಿಕೇಶಿನಗರದಲ್ಲಿ ನಿನಗೆ ನುಡಿಸಲು ಹೇಳಿದ ಅದೇ ಪಾಠವನ್ನು ಎರಡೂ ಕೈಯಲ್ಲಿ ನುಡಿಸುತ್ತೇನೆ. ಈವರೆಗೆ ಒಂದು ಜೀವವೂ ನನ್ನನ್ನು ಆ ಕುರ್ಚಿಯಲ್ಲಿ ನೋಡಿಲ್ಲ. ನನಗೆ ಹೇಗಾಗುತ್ತಿದೆ ಎಂದು ಕೇಳಬೇಡ. ನೀವು ಚಪ್ಪಾಳೆ ತಟ್ಟಬಾರದು, ಅಜ್ಜಿ ಎಷ್ಟು ಚೆನ್ನಾಗಿ ಕಲಿತಿದ್ದಾಳೆ ಎನ್ನಬಾರದು. ನನ್ನನ್ನು ಕ್ಷಮಿಸು ಎಂದು ಕೇಳುವುದೂ ಇಲ್ಲ. ಕ್ಷಮೆ ನಿನ್ನದು, ಕೊಡದೆ ಇಟ್ಟುಕೊಂಡರೂ ಸರಿ.

ತಪ್ಪು ಸ್ವರಗಳು ಬೀಳುತ್ತವೆ, ಗೊತ್ತು. ನೀನು ಅಂದು ಹೇಳಿದ್ದು ನಿಜವೆಂದು ನಿಮ್ಮಪ್ಪ ತನ್ನ ಬಾಯಿಂದ ನಿನಗೆ ಹೇಳುವವರೆಗೆ ನಾನು ಆ ಕುರ್ಚಿ ಬಿಟ್ಟು ಏಳುವುದಿಲ್ಲ.