ಒಂದು ಉಂಡೆ ಕಡಿಮೆ

ಮೊಮ್ಮಗಳು ಹಾಲು, ಮೊಸರು ಬಿಟ್ಟು ಎರಡು ವರ್ಷವಾಯಿತು. ಮೊನ್ನೆ ರಜೆಗೆ ಬಂದವಳು ಕರಿ ಕಾಫಿ ಹೀರುತ್ತಾ, "ಅಜ್ಜಿ, ಹಸೂನ ಮಗಳಂಗೆ ಸಾಕ್ದೆ ಅಂತೀಯಲ್ಲ, ಮಿಕ್ಕ ಪ್ರಾಣಿಗಳೆಲ್ಲ ಯಾರ ಮಕ್ಕಳು?" ಎಂದಳು. ನಾನು ಒಂದು ಬೆಳಗಿನ ಕತೆ ಹೇಳಿದೆ.

ನಾನು ಮದುವೆಯಾಗಿ ಉಯ್ಯಂಬಳ್ಳಿ ಕಡೆಗೆ ಬಂದಾಗ ತವರಿನಿಂದ ಒಂದು ಹಸುವೂ ನನ್ನ ಜೊತೆ ಬಂದಿತ್ತು. ಹೊಸ ಮನೆಯಲ್ಲಿ ನನ್ನ ದನಿಗೆ ತಿರುಗಿ ನೋಡುತ್ತಿದ್ದದ್ದು ಅದೊಂದೇ. ಆ ವರ್ಷ ಅದು ಗಬ್ಬವಾಗಿತ್ತು. ಕಾಡು ಹತ್ತಿರ, ಕಡಲೆಕಾಯಿ ಬಲಿಯುವ ಹೊತ್ತಿಗೆ ಹಂದಿಗಳು ಬಂದು ಹೊಲವನ್ನೇ ಉತ್ತುಹಾಕುತ್ತಿದ್ದವು. ಮಾವ ಸಂಜೆ ಹೋಗಿ ಬದುವಿನ ಮೇಲೆ ಮದ್ದಿನ ಉಂಡೆ ಇಟ್ಟು ಬರುತ್ತಿದ್ದರು. ತಿನ್ನುವ ವಸ್ತು ಅಂದುಕೊಂಡು ಹಂದಿ ಕಡಿದರೆ ಬಾಯೊಳಗೇ ಸಿಡಿಯುತ್ತಿತ್ತು. ಬೆಳಿಗ್ಗೆ ಉಳಿದವನ್ನು ಕುಕ್ಕೆಗೆ ಆಯ್ದು ತಂದು ಕೊಟ್ಟಿಗೆಯ ಗೂಟಕ್ಕೆ ತಗುಲಿಹಾಕುವರು. ಗೂಟದಲ್ಲಿ ಕುಕ್ಕೆ ಕಾಣುವ ತನಕ ಯಾರೂ ದನ ಬಿಚ್ಚಬಾರದು. ಅದು ಆ ಮನೆಯ ಕಟ್ಟಳೆ.

ಅವತ್ತು ಕುಕ್ಕೆ ಕಂಡೆ, ಹಸು ಬಿಚ್ಚಿದೆ. ಅದು ತನ್ನ ಪಾಡಿಗೆ ಹೊಲದ ದಾರಿ ಹಿಡಿಯಿತು. ಜಗಲಿಯಲ್ಲಿ ಬೀಡಿ ಸೇದಿ ಮುಗಿಸಿದ ಮಾವ ಎದ್ದುಬಂದು ಕುಕ್ಕೆಯೊಳಗೆ ಇಣುಕಿದರು. ಬೆರಳು ಮಡಿಚಿ ಎಣಿಸಿದರು. ಮತ್ತೆ ಎಣಿಸಿದರು.

"ಒಂದ್ ಕಮ್ಮಿ ಐತೆ ಕಣವ್ವ. ರಾತ್ರಿ ಸದ್ದೂ ಆಗ್ನಿಲ್ಲ. ನರಿ ಗಿರಿ ಕಚ್ಕೊಂಡೋಗಿ ಎಲ್ಲಾರ ಬೀಳುಸ್ಬುಟ್ಟದೆ. ಹಸ ಎಲ್ಲಿ?"

ನಾನು ದಾರಿಯತ್ತ ಕೈ ತೋರಿಸಿದೆ.

"ಎಣ್ಸೋದ ಬುಟ್ಟು ಬೀಡಿ ಹಚ್ಚೋಕೆ ಏನ್ ಅರ್ಜೆಂಟಿತ್ತು ನಿಂಗೆ" ಎಂದು ಅತ್ತೆ ಒಳಗಿಂದ ಅಂದದ್ದು ಬೆನ್ನಿಗೆ ಕೇಳಿಸಿತು. ಅಷ್ಟರಲ್ಲಿ ನಾನು ಓಡುತ್ತಿದ್ದೆ.

"ಓಡ್ಬ್ಯಾಡ. ನೆಲ ನೋಡ್ಕೊಂಡು ನಡಿ" ಎಂದರು ಮಾವ.

ನೆಲ ನೋಡಿದರೆ ಪ್ರತಿ ಹೆಂಟೆಯೂ ಉಂಡೆಯಾಗಿ ಕಂಡಿತು. ಸಗಣಿ ಮೆತ್ತಿದ ಅಂಗಾಲು ತಣ್ಣಗಾಗಿತ್ತು. ದೂರದ ಬದುವಿನಲ್ಲಿ ಹಸು ತಲೆ ತಗ್ಗಿಸಿ ಮೇಯುತ್ತಿತ್ತು. ಕರೆದರೆ ಉಂಡೆ ತುಳಿದುಕೊಂಡು ಬಂದೀತು. ಕರೆಯದಿದ್ದರೆ ಹುಲ್ಲಿನ ಜೊತೆ ಬಾಯಿಗೆ ಹಾಕಿಕೊಂಡೀತು. ಅದರ ಹೊಟ್ಟೆಯೊಳಗೆ ಕರು. ಕರೆಯಲೂ ಇಲ್ಲ, ಮುಂದೆ ಹೋಗಲೂ ಇಲ್ಲ, ನಿಂತೇ ಇದ್ದೆ.

ಢಮ್ ಅಂದಿತು.

ನಿಂತಲ್ಲೇ ಕಣ್ಣು ಮುಚ್ಚಿ ಕೂತುಬಿಟ್ಟೆ. ಕಣ್ಣು ಬಿಟ್ಟಾಗ ಹಸು ಕಿವಿ ನಿಮಿರಿಸಿ ನಿಂತಿತ್ತು, ಮೂತಿಯಲ್ಲಿ ಗರಿಕೆ ನೇತಾಡುತ್ತಿತ್ತು. ಹೊಗೆ ಎದ್ದದ್ದು ಅದರಾಚೆಯ ಲಾಂಟಾನ ಪೊದೆಯಲ್ಲಿ.

"ಸದ್ಯ, ಹಂದಿ" ಎಂದೆ. ನಗುವೂ ಬಂತು.

ಆಗ ಪೊದೆಯಿಂದ ಅದು ಹೊರಗೆ ಬಂತು. ಕೆಳದವಡೆ ಇರಲಿಲ್ಲ. ಕೂಗಲಿಲ್ಲ, ಬೀಳಲಿಲ್ಲ. ಹಿಂದೆ ಮೈಮೇಲೆ ಪಟ್ಟೆಯಿದ್ದ ನಾಲ್ಕು ಮರಿ. ಒಂದು ಮರಿಯನ್ನು ಮೂಸಲು ಅದು ತಲೆ ಬಗ್ಗಿಸಿತು, ನನ್ನ ಹಸು ಕರು ಮೂಸುವ ಹಾಗೆಯೇ. ಮರಿಯ ಬೆನ್ನು ಕೆಂಪಾಯಿತು. ಆಮೇಲೆ ಮರಿಗಳನ್ನು ಕರೆದುಕೊಂಡು ಕಾಡಿನತ್ತ ನಡೆಯಿತು.

ಮಾವ ನನ್ನ ಪಕ್ಕಕ್ಕೆ ಬಂದಿದ್ದರು. "ಇಷ್ಟ್ ವರ್ಸ ಸತ್ ಬಿದ್ದಿದ್ದುನ್ನೇ ಕಂಡಿದ್ದೆ ಕಣವ್ವ" ಎಂದರು. ಮಿಕ್ಕ ಉಂಡೆಗಳನ್ನು ಅವತ್ತೇ ನೀರಿನಲ್ಲಿ ನೆನೆಹಾಕಿ ಹೂತರು. ಆ ವರ್ಷ ತಗಡು ಬಡಿದು ಕಾದೆವು. ಅರ್ಧ ಹೊಲ ಹಂದಿಗೇ ಹೋಯಿತು. ಹಸು ಈಯಿತು. ಗಿಣ್ಣು ನಾನೂ ತಿಂದೆ.

ಮೊಮ್ಮಗಳು ಲೋಟ ಕೆಳಗಿಟ್ಟಳು. "ಆ ಮರಿಗಳು ಏನಾದ್ವು ಅಜ್ಜಿ?"

ಗೊತ್ತಿಲ್ಲ. ಹಾಲು ಕುಡಿಯುವ ಮರಿಗಳು, ಎಷ್ಟು ದಿನ ಇದ್ದಾವು? ಹಿಂದೆ ಹೋಗಿ ನೋಡುವುದಕ್ಕೆ ನನಗೆ ಹೆದರಿಕೆಯಾಯಿತು. ಹಸುವಿನ ಹಗ್ಗ ಹಿಡಿದುಕೊಂಡು ಮನೆಗೆ ಬಂದುಬಿಟ್ಟೆ.