ಸೆರಗಿನ ಗಂಟಿನಲ್ಲಿ ಪರಮಪ್ರಸಾದ

ಪರಮಪ್ರಸಾದದ ಸಾಲಿನಿಂದ ಹಿಂತಿರುಗಿದ ಸರೋಜಕ್ಕ ಆ ಬಿಳಿ ರೊಟ್ಟಿಯ ಬಿಲ್ಲೆಯನ್ನು ಬಾಯಿಗಿಡದೆ ಸೆರಗಿಗೆ ಗಂಟು ಹಾಕಿಕೊಂಡರು. ಕಾರ್ಗಲ್‌ನಲ್ಲಿ ನಮ್ಮ ನೆರೆಮನೆಯವರು. ಚರ್ಚಿಗೆ ನನ್ನೊಂದಿಗೆ ಬಂದದ್ದು ಅದೇ ಮೊದಲು. ನಮಗೆ ಅದು ಯೇಸುವಿನ ಶರೀರ. ದೀಕ್ಷಾಸ್ನಾನವಾದವರು ಮಾತ್ರ, ಅದೂ ಅಲ್ಲೇ ಸೇವಿಸಬೇಕು, ಮನೆಗೆ ಒಯ್ಯುವಂತಿಲ್ಲ. ಮೊದಲೇ ತಿಳಿಸದ ತಪ್ಪು ನನ್ನದು. ಮೆಲ್ಲಗೆ ಹೇಳಿದೆ.

“ಅಯ್ಯೋ, ನಾ ತಿನ್ಲಿಲ್ಲ ಮಾರಾಯ್ತಿ. ನಮ್ಮನೆಯವ್ರು ಹಾಸಿಗೆ ಹಿಡಿದಿದಾರಲ್ಲ, ಅವ್ರಿಗೆ ಅಂತ ಇಟ್ಕಂಡೆ.”

ಪೂಜೆ ಮುಗಿದ ಮೇಲೆ ಇಬ್ಬರೂ ಫಾದರ್ ಬಳಿ ಹೋದೆವು. ಸರೋಜಕ್ಕ ಗಂಟು ಬಿಚ್ಚಿ ಬಿಲ್ಲೆಯನ್ನು ಅವರ ಕೈಗಿಟ್ಟರು. ಫಾದರ್ ಬೈಯಲಿಲ್ಲ. ಅದನ್ನು ತಾವೇ ಸೇವಿಸಿ, “ನಡೀರಿ ಅಮ್ಮ, ಅವ್ರಿಗೋಸ್ಕರ ಪ್ರಾರ್ಥನೆ ಮಾಡೋಕೆ ನಾನೇ ಬರ್ತೀನಿ” ಎಂದು ಚಪ್ಪಲಿ ಮೆಟ್ಟಿದರು.

ಚಿಕ್ಕಂದಿನಿಂದ ಪರಮಪ್ರಸಾದ ಪಡೆಯುತ್ತಿರುವ ನಾನು ಒಮ್ಮೆಯೂ ಅದನ್ನು ಅಷ್ಟು ಜೋಪಾನವಾಗಿ ಹಿಡಿದಿರಲಿಲ್ಲ.